ಡೇಟ್ ಮಹಾಶಯರಿಗೆ ಶ್ರಾದ್ಧದ ದೂರು

ಮಾನ್ಯ ಡೇಟ್ ಮಹಾಶಯರೇ,

ಯಾವ ಕಂಪ್ಯೂಟರಿನಲ್ಲಿ 'ಡೇಟ್' ಎಂದು ಟೈಪಿಸಿ ಕೂಗಿದರೂ ಓಗೊಟ್ಟು, ಬಿಡಿಗಾಸೂ ಕೇಳದೆ ತಾರೀಖು ಹೇಳುವ, ಸ್ವತಂತ್ರ ತಂತ್ರಾಂಶ ಕುಲತಿಲಕರಾದ ತಮಗೆ ಅಮೆರಿಕದ ಏಪೆಕ್ಸ್ ಎಂಬ ಊರಿನ ನಿವಾಸಿ ಬದರಿನಾಥನ ಸಾಷ್ಟಾಂಗ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ತಮ್ಮ ಕ್ಷೇಮವಾದರೋ ಯಂತ್ರದ ಹೊಟ್ಟೆಯೊಳಗೆ ಯಜಮಾನಿಕೆ ಮಾಡುವ ಕರ್ನಲ್ ಎಂಬ ಮೂಲ ತಂತ್ರಾಂಶ ಯಾವುದು ಎಂಬುದರ ಮೇಲಿದೆಯೆಂದು ಈಚೆಗೆ ತಿಳಿಯಿತು.

ತಂದೆಯವರ ಶ್ರಾದ್ಧದ ತಿಥಿಯನ್ನು ಮೈಸೂರಿನ ಸೂರ್ಯೋದಯಕ್ಕೆ ಹಿಡಿಯಬೇಕೋ ಅಮೆರಿಕದ್ದಕ್ಕೋ ಎಂದು ನಾನೂ ವರ್ಜೀನಿಯಾದ ಆಚೆ ರಾಕ್‌ವಿಲ್‌ನಲ್ಲಿರುವ ನನ್ನ ತಮ್ಮ ಗುರುದತ್ತನೂ ಜಗಳವಾಡಿ ಎರಡು ವರ್ಷ ಮಾತು ಬಿಟ್ಟಿದ್ದೆವು. ಈ ಸಲ ನನ್ನ ಜೊತೆಗಿರುವ ಅಮ್ಮ ರಾಜಿ ಮಾಡಿಸಿದರು: ತಿಥಿಯನ್ನು ಕಂಪ್ಯೂಟರೇ ಹೇಳಲಿ, ಅದು 'ಇವತ್ತು' ಎಂದ ದಿನ ಗುರುದತ್ತ ಏಪೆಕ್ಸಿಗೆ ಬರಲಿ, ಫೋನ್ ಮಾತ್ರ ಬೇಡ, ಮಾಡಿದರೆ ಮತ್ತೆ ಜಗಳ. ಅದರಂತೆ ನಾನು ಲಿನಕ್ಸ್ ಕರ್ನಲ್ಲಿನ ನನ್ನ ಯಂತ್ರದಲ್ಲಿ ತಮ್ಮ ಮೇಲೆ ಭಾರ ಹಾಕಿ ಪ್ರೋಗ್ರಾಮ್ ಬರೆದು ಅವನಿಗೆ ಕಳಿಸಿದೆ.

ಅವನ ಯಂತ್ರದ ಕರ್ನಲ್ ಬೇರೆ. ಅಲ್ಲಿ ಕೂಗಿದರೆ ಬಂದವರು ತಾವಲ್ಲ, ತಮ್ಮದೇ ಹೆಸರಿಟ್ಟುಕೊಂಡ ದಾಯಾದಿ. ನಾನು ತಾರೀಖು ಕೇಳಿದ ರೀತಿ ಆ ಪುಣ್ಯಾತ್ಮರಿಗೆ ಅರ್ಥವಾಗಲಿಲ್ಲ. ಅರ್ಥವಾಗದಿದ್ದರೆ ಗಲಾಟೆ ಮಾಡದೆ ಇವತ್ತಿನ ತಾರೀಖನ್ನೇ ತಿಥಿಯೆಂದು ಹಿಡಿಯಿರಿ ಎಂದು ಪ್ರೋಗ್ರಾಮಿನಲ್ಲಿ ಬರೆದವನು ನಾನೇ ಎಂಬುದು ಮನೆಯ ವಿಷಯ, ಇಲ್ಲಿ ಅಪ್ರಸ್ತುತ. ಹೀಗಾಗಿ ರಾಕ್‌ವಿಲ್‌ನಲ್ಲಿ ದಿನವೂ ನಮ್ಮಪ್ಪನ ಶ್ರಾದ್ಧ.

ಮಂಗಳವಾರ ಮೊದಲ ಸಲ ಪ್ರೋಗ್ರಾಮ್ ಓಡಿಸಿ ನೋಡಿದ ಗುರುದತ್ತ ರಜೆ ಹಾಕಿ, ಪಂಚೆಯುಟ್ಟು, ಖಾಲಿ ಹೊಟ್ಟೆಯಲ್ಲಿ ಇಡೀ ವರ್ಜೀನಿಯಾ ದಾಟಿ ಬಂದು ಬಾಗಿಲು ತಟ್ಟಿದಾಗ ನಾನು ಈರುಳ್ಳಿ ದೋಸೆ ತಿನ್ನುತ್ತಿದ್ದೆ. ನಿಜವಾದ ತಿಥಿ ಶುಕ್ರವಾರ. "ಅಪ್ಪನ ಶ್ರಾದ್ಧದ ದಿನ ಆನಿಯನ್ ದೋಸೆನಾ? ಬೇಕಂತ್ಲೇ ಮಾಡಿದ್ದೀಯ ಅಲ್ವಾ?" ಎಂದ. ನಾನು ಒಂದು ಯಂತ್ರದ ಪ್ರೋಗ್ರಾಮ್ ಇನ್ನೊಂದರಲ್ಲಿ ನಡೆಯದ ಪೋರ್ಟಬಿಲಿಟಿ ತೊಂದರೆಯ ಬಗ್ಗೆ ವಿವರಿಸಲು ಹೋದೆ. ಅವನು ಒಂದು ಲೋಟ ನೀರೂ ಮುಟ್ಟದೆ ಕಾರು ತಿರುಗಿಸಿದ. ಶುಕ್ರವಾರ ನಾನೊಬ್ಬನೇ ಪಿಂಡವಿಟ್ಟೆ. ಪಕ್ಕದ ಮಣೆ ಖಾಲಿಯಿತ್ತು. ಬಹಳ ಬೇಜಾರಾಯಿತು.

ಆದ್ದರಿಂದ ತಾವೂ ತಮ್ಮ ದಾಯಾದಿಯೂ ಒಂದೇ ಪಂಕ್ತಿಯಲ್ಲಿ ಉಂಡು ವ್ಯಾಜ್ಯ ಮುಗಿಸಬೇಕು. ಆಗದಿದ್ದರೆ ಲೋಕದ ಕರ್ನಲ್‌ಗಳನ್ನೆಲ್ಲ ಒಂದೇ ಗೋತ್ರಕ್ಕೆ ಸೇರಿಸಬೇಕು. ಅದೂ ಆಗದಿದ್ದರೆ ಮೈಸೂರಿನಲ್ಲೂ ಏಪೆಕ್ಸಿನಲ್ಲೂ ಒಂದೇ ಹೊತ್ತಿಗೆ ಮೂಡುವಂತೆ ಸೂರ್ಯನಿಗೆ ಹೇಳಿಸಬೇಕು. ಒಂದೇ ಮಾತಿಗೆ ಎರಡು ಅರ್ಥ ಹಿಡಿದು ಇಬ್ಬರೂ ನಾನೇ ಸರಿ ಎನ್ನುವ ವಿದ್ಯೆ ನಮ್ಮ ವಂಶಕ್ಕೆ ಮಾತ್ರ ಗೊತ್ತು ಎಂದುಕೊಂಡಿದ್ದೆ. ತಾವು ನಮ್ಮ ಗರ್ವ ಇಳಿಸಿದಿರಿ.

ತಮ್ಮ ವಿಶ್ವಾಸಿ,
ಬದರಿನಾಥ

ವಿ.ಸೂ.: ಗುರುದತ್ತ ಈಗ ದಿನಾ ಬೆಳಿಗ್ಗೆ ಫೋನ್ ಮಾಡಿ, "ಅಣ್ಣಾ, ನಿನ್ನ ದರಿದ್ರ ಪ್ರೋಗ್ರಾಮ್ ಇವತ್ತೂ ಇವತ್ತೇ ಅಂತಿದೆ ಕಣೋ" ಎಂದು ಬೈಯುತ್ತಾನೆ. ಬೈದು ಮುಗಿದ ಮೇಲೆ ಅಮ್ಮನ ಮಂಡಿನೋವು ವಿಚಾರಿಸುತ್ತಾನೆ. ಆದ್ದರಿಂದ ಮೇಲಿನ ವಿನಂತಿಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಿ. ತಮ್ಮ ದಾಯಾದಿಯೇನಾದರೂ ರಿಪೇರಿಯಾದರೆ ಮೊಕದ್ದಮೆ ಹೂಡುತ್ತೇನೆ.