ರೇಡಿಯೋದಲ್ಲಿ ಅತ್ತೆಯ ಹೆಸರು

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನಿಗೆ ಹತ್ತು ನಿಮಿಷ ರೇಡಿಯೋದಲ್ಲಿ ಮಾತಾಡುವುದು ಯಾವ ದೊಡ್ಡ ವಿಷಯ? ನಮ್ಮ ಭಾಗದ ಪುಟ್ಟ ರೇಡಿಯೋವೊಂದು 'ಎದ್ದೀರೇನ್ರಿ?' ಎಂಬ ತನ್ನ ಮುಂಜಾನೆಯ ನೇರ ಕಾರ್ಯಕ್ರಮಕ್ಕೆ ನನ್ನನ್ನು ಅತಿಥಿಯಾಗಿ ಕರೆದಾಗ ನನಗೆ ಅನಿಸಿದ್ದು ಇಷ್ಟೇ. ಒಂದಿಷ್ಟು ಹರಟೆ, ಅತಿಥಿಯಿಂದ ಒಂದು ಚಿಂತನ, ಕೊನೆಗೆ ಅತಿಥಿ ಮೆಚ್ಚಿದ ಒಂದು ಹಾಡು. ಚಿಂತನಕ್ಕೆ ವಿಷಯ ನನ್ನದೇ ಆಯ್ಕೆ. ನಾನು ಆರಿಸಿಕೊಂಡದ್ದು: 'ಹೆಸರಿನ ಹಂಬಲ ಬಿಡಿ.'

ಈ ಸುದ್ದಿಯನ್ನು ನಮ್ಮೂರು ಚೌಡಾಪುರದ ಮನೆಮನೆಗೂ ಹೋಗಿ ನಾನೇ ಹೇಳಿ ಬಂದೆ.

ನನ್ನ ಹೆಂಡತಿ ಮಹಾದೇವಿ ರೊಟ್ಟಿ ಬಡಿಯುತ್ತಲೇ ಹೇಳಿದಳು, "ಚಿಂತನ ಆಮ್ಯಾಲ ಮಾಡ್ರಿ. ಮೊದ್ಲು ನಮ್ಮವ್ವನ ಹೆಸರು ಹೇಳ್ರಿ. ಆಕಿ ದಿನಾ ಅದೇ ರೇಡಿಯೋ ಕೇಳ್ತಾಳ."

ಇದರ ಹಿಂದೆ ಒಂದು ಇತಿಹಾಸವಿದೆ. ಮೂರು ವರ್ಷದ ಹಿಂದೆ ನಮ್ಮ ಮಗಳ ಲಗ್ನಪತ್ರಿಕೆಯನ್ನು ಬರೆದವನು ನಾನು. ಅದರಲ್ಲಿ ಊರ ಹಿರಿಯರಿದ್ದರು, ತೀರಿಕೊಂಡವರೂ ಇದ್ದರು, ಬೀಗರ ಬೀಗರಿದ್ದರು, ಪೆಂಡಾಲಿನವನೂ ಇದ್ದ. ಘತ್ತರಗಿಯಲ್ಲಿರುವ ನನ್ನ ಅತ್ತೆ ಭಾಗಮ್ಮನವರ ಹೆಸರು ಮಾತ್ರ ಇರಲಿಲ್ಲ! ಬೇಕೆಂದು ಬಿಟ್ಟಿದ್ದಲ್ಲ, ಮರೆತಿದ್ದೆ. ಆದರೆ ಅತ್ತೆ ಅಂದಿನಿಂದ ನಮ್ಮ ಹೊಸ್ತಿಲು ತುಳಿದಿರಲಿಲ್ಲ. ಈಗ ಮಗಳು ಚೊಚ್ಚಲ ಬಾಣಂತಿಯಾಗಿ ಮನೆಗೆ ಬಂದಿದ್ದಳು. ಕೂಸಿನ ತೊಟ್ಟಿಲ ಕಾರ್ಯಕ್ಕೆ ಎಂಟೇ ದಿನ ಉಳಿದಿತ್ತು. ಅಜ್ಜಿ ಬರದಿದ್ದರೆ ಕೂಸನ್ನು ತೊಟ್ಟಿಲಿಗೆ ಹಾಕುವುದಿಲ್ಲ ಎಂದು ಅವಳ ಹಟ.

"ಒಂದ್ ಸಲ ಹೆಸರು ತಗೊಂಡ್ರ ಆಕಿ ಸಿಟ್ಟು ಇಳೀತದ. ಮರೀತೀರೇನ್ ಮತ್ತ?"

"ಮಹಾದೇವಿ! ನಾನು ಮಾಸ್ತರ!" ಎಂದೆ.

"ಅದಕ್ಕೇ ಕೇಳಾಕತ್ತೀನಿ."

ಅಷ್ಟರಲ್ಲಿ ಕಿರಾಣಿ ಅಂಗಡಿಯ ಸಂಗಪ್ಪ ಒಂದು ಚೀಟಿ ಹಿಡಿದು ಬಂದ. "ಮಾಸ್ತರ, ನಮ್ಮಪ್ಪನ್ನೂ ಹಿಡದು ಊರಾಗ ತೀರಿಕೊಂಡ ಐದು ಮಂದಿ ಹಿರೇರ ಹೆಸರದಾವ. ಒಂದ್ ಸಲ ನೆನಸ್ರಿ, ಪುಣ್ಯ ಬರ್ತದ." ಅವನ ಹಿಂದೆಯೇ ಟೇಲರ್ ಖಾಜಾಸಾಬ್. "ಮಾಸ್ತರ್ ಸಾಬ್, ನಮ್ಮ ದುಕಾನದ ಹೆಸರು ಜರಾ ತಗೋರಿ. ರೇಡಿಯೋಕ್ಕಂತ ನಿಮಗ ಹೊಸಾ ಅಂಗಿ ಹೊಲದೀನಲ್ಲ!" ರೇಡಿಯೋದಲ್ಲಿ ಅಂಗಿ ಕಾಣುವುದಿಲ್ಲ ಎಂಬುದು ಅವನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಸಂಜೆಯೊಳಗೆ ನನ್ನ ಕಿಸೆ ತುಂಬ ಚೀಟಿಗಳು. ಎಲ್ಲವನ್ನೂ ಒಂದು ಹಾಳೆಯಲ್ಲಿ ಕ್ರಮವಾಗಿ ಬರೆದೆ. ಸಂಪ್ರದಾಯದಂತೆ ಮೊದಲು ತೀರಿಕೊಂಡವರು. ಆಮೇಲೆ ಬದುಕಿದ್ದವರು. ಬದುಕಿದ್ದವರಲ್ಲಿ ಎಲ್ಲರಿಗಿಂತ ಮೊದಲು ಅತ್ತೆ! ನನ್ನ ಈ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಹಾಡನ್ನೂ ಅತ್ತೆಗೆ ಇಷ್ಟವಾದದ್ದನ್ನೇ ಆರಿಸಿದ್ದೆ. ಜೀವ ಈ ದೇಹ ಬಿಟ್ಟು ಹೊರಡುವುದನ್ನು ಕುರಿತ ಒಂದು ತತ್ವಪದ.

ಮರುದಿನ ಮುಂಜಾನೆ ಮೊದಲ ಬಸ್ಸಿಗೆ ಸ್ಟುಡಿಯೋ ತಲುಪಿದೆ. ಮೊಬೈಲನ್ನು ಬಂದ್ ಮಾಡಿಸಿ, ನಿರೂಪಕಿ ನನ್ನನ್ನು ಮೈಕಿನ ಮುಂದೆ ಕೂರಿಸಿದಳು. ನನ್ನ ಮಗಳಿಗಿಂತ ಚಿಕ್ಕವಳು. ಕೆಂಪು ದೀಪ ಹತ್ತಿತು.

"ಸರ್, ನಮ್ಮ ಕೇಳುಗರಿಗೆ ಒಂದು ನಮಸ್ಕಾರ ಹೇಳ್ರಿ."

ಮೈಕು ಕಂಡೊಡನೆ ನನ್ನೊಳಗಿನ ಭಾಷಣಕಾರ ಎದ್ದು ನಿಂತ. "ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯಮಾನ್ಯರೇ!" ಎಂದು ಶುರು ಮಾಡಿದೆ. ಕೋಣೆಯಲ್ಲಿದ್ದದ್ದು ಆ ಹುಡುಗಿ ಮತ್ತು ಒಂದು ಫ್ಯಾನು. ಆದರೂ ನಿಲ್ಲಿಸಲಿಲ್ಲ. ರೇಡಿಯೋ ಕಟ್ಟಿದವರಿಗೆ, ಅದಕ್ಕೆ ಜಾಗ ಕೊಟ್ಟವರಿಗೆ, ಚಹಾ ಕೊಟ್ಟವರಿಗೆ, ನನ್ನನ್ನು ಕರೆತಂದ ಬಸ್ಸಿನ ಡ್ರೈವರನಿಗೆ ಹೃತ್ಪೂರ್ವಕ ವಂದನೆ ಸಲ್ಲಿಸಿದೆ. ಹುಡುಗಿ ನಡುವೆ ಬಾಯಿ ಹಾಕಿ, "ಸರ್, ಮುಂಜಾನಿ ಎಷ್ಟಕ್ಕ ಏಳ್ತೀರಿ?" ಎಂದಳು. ಅದಕ್ಕೆ ಉತ್ತರವಾಗಿ ನನ್ನ ಬಾಲ್ಯದಿಂದ ಹೇಳಿದೆ. ಬಾಲ್ಯ ಮುಗಿದು ನಾನು ನೌಕರಿಗೆ ಸೇರುವ ಹೊತ್ತಿಗೆ ಆಕೆ ಒಂದು ಬೆರಳು ಎತ್ತಿ ತೋರಿಸಿದಳು. ನೀವೇ ನಂಬರ್ ಒನ್ ಎನ್ನುತ್ತಿದ್ದಾಳೆಂದು ತಿಳಿದು ನಾನು ವಿನಯದಿಂದ ನಕ್ಕೆ.

ಅದು ಒಂದೇ ನಿಮಿಷ ಉಳಿದಿದೆ ಎಂಬ ಸನ್ನೆ!

"ಇಂದಿನ ನನ್ನ ಚಿಂತನದ ವಿಷಯ, ಹೆಸರಿನ ಹಂಬಲ ಬಿಡಿ," ಎಂದೆ. ಚಿಂತನಕ್ಕೆ ಇನ್ನು ಸಮಯ ಎಲ್ಲಿಯದು? ಅದು ಹೋದರೆ ಹೋಗಲಿ, ಅತ್ತೆಯ ಹೆಸರು ಹೋಗಬಾರದು. ಹಾಳೆ ತೆಗೆದು ಉಸಿರು ಬಿಡದೆ ಓದಿದೆ. "ನಮ್ಮನ್ನಗಲಿದ ಹಿರಿಯರಾದ..." ಎಂದು ಸಂಗಪ್ಪನ ಐದೂ ಹೆಸರು ಹೇಳಿ, ಅದೇ ಉಸಿರಿನಲ್ಲಿ, "ಹಾಗೂ ನನ್ನ ಪೂಜ್ಯ ಅತ್ತೆಯವರಾದ ಘತ್ತರಗಿಯ ಭಾಗಮ್ಮನವರನ್ನು..." ಎಂದೆ. ಕೆಮ್ಮು ಬಂತು. ನೀರು ಕುಡಿದೆ.

ಅಷ್ಟರಲ್ಲಿ ಹುಡುಗಿ ದನಿ ಇಳಿಸಿ ಹೇಳಿದಳು, "ಅಗಲಿದ ಈ ಹಿರಿಯರೆಲ್ಲರ ಆತ್ಮಕ್ಕೆ ಶಾಂತಿ ಸಿಗಲಿ. ತಮ್ಮ ಅತ್ತೆಯವರ ನೆನಪಿಗಾಗಿ ಮಾಸ್ತರರು ಆರಿಸಿದ ತತ್ವಪದ ಈಗ ನಿಮಗಾಗಿ."

ನಾನು ಕೆಮ್ಮಿನ ನಡುವೆಯೇ ಕೈಮುಗಿದು ತಲೆ ಆಡಿಸಿದೆ. ಎಂಥ ಸಂಸ್ಕಾರವಂತೆ ಹುಡುಗಿ ಎಂದುಕೊಂಡೆ.

ಹೊರಗೆ ಬಂದು ಮೊಬೈಲ್ ಚಾಲೂ ಮಾಡಿದ್ದೇ ತಡ, ಜೇವರ್ಗಿಯ ಷಡ್ಡಕ ಬಸವರಾಜನ ಫೋನು. "ಅಣ್ಣಾ, ಹಿಂಗ್ ರೇಡಿಯೋದಾಗ ಕೇಳಿ ತಿಳ್ಕೋಬೇಕೇನ್ರಿ ನಾವು? ಮಣ್ಣು ಎಷ್ಟಕ್ಕ?"

"ಯಾರ ಮಣ್ಣು?"

"ಅತ್ತೀದು!"

ನಾನು ವಿವರಿಸುವ ಮೊದಲೇ, "ಹಾರ ತಗೊಂಡೀನಿ, ನಿಮ್ಮನಿಗೇ ಬಂದು ನಿಮ್ಮ ಜೋಡಿ ಹೋಗ್ತೇನಿ," ಎಂದು ಅವನು ಫೋನಿಟ್ಟ.

ಊರು ಮುಟ್ಟುವಷ್ಟರಲ್ಲಿ ನಮ್ಮ ಕಟ್ಟೆಯ ಮೇಲೆ ಜನ ಸೇರಿ ಮೌನವಾಗಿ ಕೂತಿದ್ದರು. ಖಾಜಾಸಾಬ್ ಅಂಗಡಿಗೆ ಬಾಗಿಲು ಹಾಕಿ ಬಂದಿದ್ದ. ಬಸವರಾಜ ಚೆಂಡುಹೂವಿನ ಹಾರ ಹಿಡಿದು ನಿಂತಿದ್ದ. ಮಹಾದೇವಿಯ ಕಣ್ಣು ಕೆಂಪಾಗಿತ್ತು. ಅಳುವಿನಿಂದ ಅಲ್ಲ.

"ಅವ್ವಗ ಫೋನ್ ಹಚ್ಚಿದ್ದೆ," ಎಂದಳು. "ಕೇಳ್ಯಾಳ. ಪೂರಾ ಕೇಳ್ಯಾಳ. ಹೊಂಟಾಳ."

ನಾನು ಹಿತ್ತಲ ಬಾಗಿಲ ಕಡೆ ನೋಡಿದೆ. ಆದರೆ ಅಷ್ಟರಲ್ಲಿ ಟಂಟಂ ಆಟೋ ಬಂದು ನಿಂತೇ ಬಿಟ್ಟಿತು. ಅತ್ತೆ ಕೋಲೂರಿ ಇಳಿದರು. ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತರು. ಸಂಗಪ್ಪನಂತೂ ಎರಡು ಹೆಜ್ಜೆ ಹಿಂದೆ ಸರಿದ!

"ಏನ್ರಿ ಮಾಸ್ತರ," ಎಂದರು ಅತ್ತೆ. "ಲಗ್ನಪತ್ರಿಕೆದಾಗ ಸತ್ತವ್ರ ಹೆಸರೂ ಹಾಕ್ಸಿದ್ರಿ, ಬದುಕಿದ್ದ ನನ್ನ ಹೆಸರು ಇರಲಿಲ್ಲ. ಈಗ ಸತ್ತವ್ರ ಸಾಲಿನಾಗರೆ ಕುಂದ್ರಿಸಿದ್ರಲ್ಲ! ದೊಡ್ಡ ಉಪಕಾರ ಆತು."

ಮೂರು ವರ್ಷದಲ್ಲಿ ಅವರು ನನ್ನೊಡನೆ ಆಡಿದ ಮೊದಲ ಮಾತು ಇದು. ಅದೊಂದು ಹೆಸರು ಅವರಿಗೆ ಎಷ್ಟು ದೊಡ್ಡದಾಗಿತ್ತೆಂದು ನನಗೆ ಅಂದೇ ತಿಳಿದದ್ದು. ನಿಜವಾಗಿಯೂ ನಾಚಿಕೆಯಾಯಿತು. "ತಪ್ಪಾಯ್ತ್ರಿ ಅತ್ತಿ, ಆವತ್ತಿಂದೂ ಇವತ್ತಿಂದೂ," ಎಂದು ಕಾಲು ಮುಟ್ಟಿದೆ.

ಅತ್ತೆ ಬಸವರಾಜನ ಕಡೆ ತಿರುಗಿದರು. "ಆ ಹಾರ ನನಗೇ ಏನೋ?" ಅವನು ಬೆವರಿದ. "ತಂದೀ ಅಂದ್ಮ್ಯಾಲ ಹಾಕು! ಸತ್ತ ಮ್ಯಾಲ ಹಾಕಿದ್ರ ನಾ ಹ್ಯಾಂಗ ನೋಡ್ಲಿ?"

ಹಾರ ಹಾಕಿಕೊಂಡೇ ಹೊಸ್ತಿಲು ದಾಟಿ ಒಳಗೆ ಹೋಗಿ ಮರಿಮೊಮ್ಮಗಳನ್ನು ಎತ್ತಿಕೊಂಡರು. ಮಹಾದೇವಿ ಈಗ ನಿಜವಾಗಿ ಅತ್ತಳು. ಅತ್ತೆ ಮೂರು ರೊಟ್ಟಿ ತಿಂದು, ಪಲ್ಯಕ್ಕೆ ಉಪ್ಪು ಕಡಿಮೆ ಎಂದರು. ಅಲ್ಲಿಗೆ ಎಲ್ಲ ಸರಿಹೋಯಿತು. ತೊಟ್ಟಿಲ ಕಾರ್ಯ ಮುಗಿಯುವವರೆಗೂ ಅವರು ನಮ್ಮಲ್ಲೇ ಉಳಿದರು.

ಆದರೆ ರೇಡಿಯೋದವರಿಗೂ ಸುದ್ದಿ ಮುಟ್ಟಿತ್ತು. ಆ ಹುಡುಗಿ ಫೋನ್ ಮಾಡಿ ಹತ್ತು ಸಲ ಕ್ಷಮೆ ಕೇಳಿದಳು. ನನ್ನ ಉಳಿದ ಚಿಂತನವನ್ನು ಓದಲು ಕರೆಯುತ್ತಾಳೆಂದು ನಾನು ಗಂಟಲು ಸರಿಮಾಡಿಕೊಂಡೆ. ಆಕೆ ಕರೆದದ್ದು ಅತ್ತೆಯನ್ನು!

ಅತ್ತೆ ಮಾತಾಡುವ ದಿನ ಮುಂಜಾನೆ ನಮ್ಮ ಮನೆಯವರೆಲ್ಲ ರೇಡಿಯೋದ ಸುತ್ತ ಕೂತೆವು. ಅತ್ತೆ ಯಾವ ವೇದಿಕೆಗೂ ವಂದಿಸಲಿಲ್ಲ. ನಕ್ಕರು, ನಗಿಸಿದರು. ಕೊನೆಗೆ ಹುಡುಗಿ ಕೇಳಿದಳು, "ಅಜ್ಜಿ, ಯಾರ್ಯಾರನ್ನ ನೆನಸ್ತೀರಿ?"

"ನನ್ನ ಮಗಳು ಮಹಾದೇವಿ, ಮಮ್ಮಗಳು, ಮರಿಮಮ್ಮಗಳು. ಹಾರ ತಂದ ಬಸವರಾಜ. ನನ್ನ ಕೂಡ್ಸಿಕೊಂಡು ಬಂದ ಟಂಟಂ ಮೌಲಾ. ಖಾಜಾಸಾಬನ ದುಕಾನ. ಮತ್ತ ನನ್ನ ಎಮ್ಮಿ ಗೌರಿ, ಪಾಪ, ನಾನಿಲ್ದ ಹಾಲೇ ಕೊಟ್ಟಿಲ್ಲಂತ."

"ಮತ್ತ ನಿಮ್ಮ ಅಳಿಯ ಮಾಸ್ತರು, ಅಜ್ಜಿ?"

ನಾನು ರೇಡಿಯೋಕ್ಕೆ ಕಿವಿ ಹಚ್ಚಿದೆ.

"ಅವರದೇನು ಬಿಡವ್ವ. ಹೆಸರಿನ ಹಂಬಲ ಬಿಟ್ಟವ್ರು ಅವರು!"

ಹಾಡು ಶುರುವಾಯಿತು. ಮಹಾದೇವಿ ನಗುತ್ತ ಎದ್ದು ಹೋದಳು. ಹಾಡು ಮುಗಿದ ಮೇಲಾದರೂ ನನ್ನ ಹೆಸರು ಹೇಳಿಯಾರೇನೋ ಎಂದು ನಾನು ಅಲ್ಲೇ ಕೂತಿದ್ದೆ.