ಮೋಡೆಮ್ಮಿನ ಗಂಟಲು ಏರಿಸಿದ್ದು

ಕೆಲಸ ಕಳೆದುಕೊಂಡ ಗಂಡಸಿಗೆ ಮೊದಲು ಅಂಟಿಕೊಳ್ಳುವ ರೋಗ ಚಿಂತೆಯಲ್ಲ, ಉಳಿತಾಯ. ಮ್ಯಾನ್‌ಹಟನ್ನಿನ ಬ್ಯಾಂಕುಗಳು ಒಂದೊಂದಾಗಿ ಮಗುಚಿಕೊಳ್ಳುತ್ತಿದ್ದ ಆ ಚಳಿಗಾಲದಲ್ಲಿ ನಮ್ಮ ಬ್ಯಾಂಕಿನಲ್ಲಿ ಇಡೀ ವಿಭಾಗವನ್ನೇ ಮನೆಗೆ ಕಳಿಸಿದರು. ಹಾಗೆ ಮನೆಗೆ ಬಂದ ನಾನು ಮಾಡಿದ ಮೊದಲ ಘನಕಾರ್ಯವೆಂದರೆ ಕೇಬಲ್ ಇಂಟರ್ನೆಟ್ ನಿಲ್ಲಿಸಿದ್ದು. ಪ್ಲೇನ್ಸ್‌ಬರೋದ ನಮ್ಮ ಅಪಾರ್ಟ್‌ಮೆಂಟಿನ ಕ್ಲಾಸೆಟ್ಟಿನಲ್ಲಿ, ಹಿಡಿ ಮುರಿದ ಕುಕ್ಕರಿನ ಪಕ್ಕ, ಹಳೆಯ ಡಯಲ್‌ಅಪ್ ಮೋಡೆಮ್ ಮಲಗಿತ್ತು. ಅದನ್ನು ಒರೆಸಿ ಫೋನ್ ತಂತಿಗೆ ಸಿಕ್ಕಿಸಿ, ಹೆಂಡತಿ ಸುಮಾಳಿಗೆ "ಇಷ್ಟು ಸಾಕು" ಎಂದೆ.

ಈ ಮೋಡೆಮ್ ಕರೆ ಹೋದ ಕೂಡಲೇ ಕೀಂ, ಗೊರ್ ಎಂದು ಕಿರುಚುತ್ತದಲ್ಲ, ಅದು ಸುಮ್ಮನೆ ಕಿರುಚಾಟವಲ್ಲ. ತಂತಿಯಲ್ಲಿ ಗದ್ದಲ ಎಷ್ಟಿದೆ, ಎಷ್ಟು ಗಟ್ಟಿಯಾಗಿ ಮಾತಾಡಿದರೆ ಆ ಕಡೆಯ ಮೋಡೆಮ್ಮಿಗೆ ಸರಿಯಾಗಿ ಕೇಳುತ್ತದೆ ಎಂದು ಅವೆರಡೂ ಪರೀಕ್ಷಿಸಿಕೊಂಡು, ಅದಕ್ಕೆ ತಕ್ಕಂತೆ ದನಿಯನ್ನೂ ವೇಗವನ್ನೂ ಹೊಂದಿಸಿಕೊಳ್ಳುತ್ತವೆ. ದನಿ ಅತಿಯಾದರೆ ಮಾತೆಲ್ಲ ಒಡೆದು ಕಲಸುಮೇಲೋಗರವಾಗುತ್ತದೆ. ಇದನ್ನು ನಾನು ಎಂಜಿನಿಯರಿಂಗಿನಲ್ಲಿ ಓದಿ ಪಾಸಾಗಿದ್ದೆ. ಗೊತ್ತಿದ್ದೂ ಮಾಡಿದೆ.

ಆ ಶುಕ್ರವಾರ ಸಂಜೆ ಐದರೊಳಗೆ ಹೋಬೋಕನ್ನಿನ ಒಂದು ಕಂಪನಿಗೆ ನನ್ನ ರೆಸ್ಯೂಮೆ ತಲುಪಬೇಕಿತ್ತು. ಮೂರು ತಿಂಗಳಲ್ಲಿ ನನ್ನನ್ನು ವಿಚಾರಿಸಿದ್ದ ಕಂಪನಿ ಅದೊಂದೇ. ನಾಲ್ಕು ಗಂಟೆಗೆ ಕಳಿಸಲು ಕೂತರೆ, ಮೋಡೆಮ್ ದನಿ ತಗ್ಗಿಸಿಕೊಂಡು ಹೊಸ ಸೊಸೆಯ ಹಾಗೆ ಪಿಸುಗುಟ್ಟುತ್ತಿದೆ! ನನಗೆ ಮೈ ಉರಿದುಹೋಯಿತು. ಟ್ರಂಕ್ ಕಾಲ್ ಕಾಲದಲ್ಲಿ ಬೆಳೆದ ನಮ್ಮಂಥವರಿಗೆ, ದೂರ ಹೆಚ್ಚಿದಷ್ಟೂ ಗಂಟಲು ಏರಿಸಬೇಕೆನ್ನುವುದು ರಕ್ತದಲ್ಲೇ ಇಳಿದಿದೆ. ಇವತ್ತಿಗೂ ನಾನು ಮೈಸೂರಿಗೆ ಫೋನ್ ಮಾಡಿದರೆ ಪಕ್ಕದ ಮನೆಯವರಿಗೆ ನಮ್ಮ ತಂಗಿಯ ಆರೋಗ್ಯ ತಿಳಿಯುತ್ತದೆ. "ಗಟ್ಟಿಯಾಗಿ ಮಾತಾಡೋ, ಶನಿ!" ಎಂದು ಬೈದು, ಅದರ ಹೊಂದಾಣಿಕೆಯನ್ನೆಲ್ಲ ರದ್ದು ಮಾಡಿ, ದನಿಯನ್ನು ಗರಿಷ್ಠಕ್ಕೆ ಏರಿಸಿದೆ.

ಲೈನು ಕಡಿಯಿತು. ಮತ್ತೆ ಹಚ್ಚಿದೆ, ಮತ್ತೆ ಕಡಿಯಿತು. ಏಳು ಸಲ.

"ಅಪ್ಪಾ, ಇಟ್ ವಾಸ್ ವರ್ಕಿಂಗ್ ಬಿಫೋರ್ ಯು ಫಿಕ್ಸ್‌ಡ್ ಇಟ್," ಎಂದಳು ಹತ್ತು ವರ್ಷದ ಮಗಳು ಅನಘಾ.

"ರೀ, ನಿಧಾನವಾಗಾದ್ರೂ ಹೋಗ್ತಿತ್ತು. ಈಗ ಲೈಬ್ರರಿಗೆ ಡ್ರೈವ್ ಮಾಡಿ, ಅಲ್ಲಿಂದ ಕಳ್ಸಿ. ಹತ್ತು ನಿಮಿಷದ ದಾರಿ," ಎಂದಳು ಸುಮಾ.

ಅವಳು ಹೇಳಿದ್ದು ಸರಿಯಾಗಿತ್ತು, ಹಾಗಾಗಿ ನಾನು ಹೋಗಲಿಲ್ಲ. ಐದಕ್ಕೆ ಹತ್ತು ನಿಮಿಷವಿದ್ದಾಗ, ಎಂಟನೆಯ ಸಲ ಲೈನು ಕಡಿದು ಬಿಡುವಾದ ಗಳಿಗೆಯಲ್ಲಿ, ಫೋನ್ ಹೊಡೆದುಕೊಂಡಿತು. ಹೋಬೋಕನ್ನಿನ ಕಂಪನಿಯ ಹೆಂಗಸು. ರೆಸ್ಯೂಮೆ ಬಂದಿಲ್ಲ, ಪರವಾಗಿಲ್ಲ, ಫೋನಿನಲ್ಲೇ ಎರಡು ಪ್ರಶ್ನೆ ಕೇಳುತ್ತೇನೆ ಎಂದಳು, ಪುಣ್ಯಾತ್ಗಿತ್ತಿ. ಹದಿನಾಲ್ಕು ವರ್ಷದ ಅನುಭವವನ್ನು ಒಂದೂ ಬಿಡದೆ ಹೇಳಿದೆ. ಅವಳು ನಡುವೆ ಎರಡು ಸಲ "ಐ ಕ್ಯಾನ್ ಹಿಯರ್ ಯು ಫೈನ್, ಸರ್" ಎಂದಳು. ನನ್ನನ್ನು ಹುರಿದುಂಬಿಸುತ್ತಿದ್ದಾಳೆಂದುಕೊಂಡೆ.

ಕೊನೆಗೆ ಕೇಳಿದಳು, ಪರಿಸ್ಥಿತಿ ಬದಲಾದಾಗ ನೀವು ಎಷ್ಟರಮಟ್ಟಿಗೆ ಹೊಂದಿಕೊಳ್ಳುತ್ತೀರಿ?

"ವೆರಿ ಫ್ಲೆಕ್ಸಿಬಲ್!" ಎಂದೆ. ಕೆಳಗಿನ ಮನೆಯವರು ಪೊರಕೆ ಹಿಡಿಯಿಂದ ತಮ್ಮ ಸೂರನ್ನು ಕುಟ್ಟಿದರು. ಕೆಲಸ ಬೇರೆ ಯಾರಿಗೋ ಹೋಯಿತು. ಮೆಲ್ಲಗೆ ಮಾತಾಡುವವನಿರಬೇಕು.