ಅಕ್ಕೋರ ಕೇಕು, ನನ್ನ ಎದೆಬಡಿತ

ಡಿಸೆಂಬರ್ ಬಂತೆಂದರೆ ಉಳಿದವರು ಚಳಿಗೆ ನಡುಗುತ್ತಾರೆ, ನಾನು ಕ್ರಿಸ್‌ಮಸ್ಸಿಗೆ ನಡುಗುತ್ತೇನೆ. ಹಬ್ಬ ನಮ್ಮದಲ್ಲ. ಆದರೂ ಪ್ರತಿ ವರ್ಷ ಅದರಲ್ಲಿ ತಪ್ಪದೆ ಸಿಕ್ಕಿಬೀಳುವವನು ನಾನೇ.

ನಾನು ಅಮ್ಮಿನಬಾವಿಯ ಸಾಲಿಯಲ್ಲಿ ಕಲಿತವನು. ಈಗ ಧಾರವಾಡದ ಮಾಳಮಡ್ಡಿಯಲ್ಲಿ ಮನೆ, ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತಿಕೆ. ಲಿಂಗಪೂಜೆ ಆಗದೆ ಚಹಾ ಸಹ ಮುಟ್ಟುವುದಿಲ್ಲ. ದೀಕ್ಷೆಯ ದಿನ ಗುರುಗಳ ಮುಂದೆ ಎರಡು ಮಾತು ಕೊಟ್ಟಿದ್ದೆ. ತತ್ತಿ, ಮಾಂಸ ಮುಟ್ಟುವುದಿಲ್ಲ. ಸುಳ್ಳು ಹೇಳುವುದಿಲ್ಲ. ಇಷ್ಟು ವರ್ಷ ಎರಡೂ ಸುಸೂತ್ರವಾಗಿ ನಡೆದಿದ್ದವು. ಆಮೇಲೆ ಪಕ್ಕದ ಮನೆಗೆ ಅಕ್ಕೋರು ಬಂದರು.

ಅಕ್ಕೋರೆಂದರೆ ರಿಟೈರಾದ ಸಾಲಿ ಶಿಕ್ಷಕಿ, ಕ್ರಿಶ್ಚಿಯನ್ನರು. ಗಣಿತವೆಂದರೆ ಜ್ವರ ಬರುತ್ತಿದ್ದ ನಮ್ಮ ಮಗಳನ್ನು ಇಡೀ ವರ್ಷ ಸಂಜೆ ಕೂಡಿಸಿಕೊಂಡು ಹತ್ತನೆಯದು ದಾಟಿಸಿದವರು. ಫೀ ಎಷ್ಟೆಂದು ಕೇಳಿದ್ದಕ್ಕೆ ನನ್ನನ್ನೂ ಹುಡುಗನಂತೆ ಗದರಿಸಿದ್ದರು. ಅಂಥವರ ಮನಸ್ಸು ನೋಯಿಸಿದರೆ ನನಗೆ ಎಲ್ಲಿಯೂ ಒಳ್ಳೆಯದಾಗಲಿಕ್ಕಿಲ್ಲ ಎಂಬುದು ನನ್ನ ಭಯ. ಮುಂದಿನದೆಲ್ಲ ಆ ಭಯದ ಕಥೆ.

೧. ಡಬ್ಬಿ ಬಂತು

ಮೊದಲ ವರ್ಷದ ಕ್ರಿಸ್‌ಮಸ್ ಮುಂಜಾನೆ ಅಕ್ಕೋರು ಕಂಪೌಂಡ್ ಗೋಡೆಯ ಮೇಲಿಂದ ಸ್ಟೀಲ್ ಡಬ್ಬಿ ಚಾಚಿದರು. “ನನ್ನ ಕೈಲೆ ಮಾಡಿದ ಕೇಕ್ ಐತ್ರಿ. ತಿಂದು ಹೆಂಗಾಗೇತಿ ಹೇಳ್ಬೇಕು ಮತ್ತ!”

ಒಳಗೆ ತಂದು ಮುಚ್ಚಳ ತೆಗೆದೆ. ಮನೆಯಾಕೆ ಬಗ್ಗಿ ಮೂಸಿದಳು.

“ತತ್ತಿ ಹಾಕಿರ್ತಾರ್ರಿ.”

“ವಾಸನಿ ಬರತೈತೇನು?”

“ತತ್ತಿ ವಾಸನಿ ಹೆಂಗಿರತೈತಿ ಅಂತ ನನಗೇನ ಗೊತ್ತು?”

“ಹೋಗಿ ಕೇಳ್ಲೇನು?”

“ಹಬ್ಬದ ದಿನ ಪ್ರೀತೀಲೆ ಕೊಟ್ಟಾರ. ಇದರಾಗ ಏನ ಹಾಕೀರಿ ಅಂತ ಯಾರರ ಕೇಳ್ತಾರೇನ್ರಿ?”

ತಿನ್ನುವಂತಿಲ್ಲ, ಅನ್ನವೆಂದ ಮೇಲೆ ಚೆಲ್ಲುವಂತೆಯೂ ಇಲ್ಲ. ಅರ್ಧ ತಾಸು ಆ ಡಬ್ಬಿಯ ಮುಂದೆ ಗಂಡ ಹೆಂಡತಿ ಕೋರ್ಟಿನ ತೀರ್ಪು ಕಾಯುವವರ ಹಾಗೆ ಕೂತೆವು. ಕಡೆಗೆ ನಮ್ಮ ಮೇಲಿನ ಖೋಲಿಯಲ್ಲಿ ಬಾಡಿಗೆಗಿದ್ದು ಪೊಲೀಸ್ ಪರೀಕ್ಷೆಗೆ ಓದುವ ಮೂವರು ಹುಡುಗಿಯರಿಗೆ ಕೊಟ್ಟುಬಿಟ್ಟೆ.

ಮರುದಿನ ಗೋಡೆಯಾಚೆಯಿಂದ ದನಿ ಬಂತು. “ಕೇಕ್ ಹೆಂಗಾಗಿತ್ರಿ?”

ಎದೆ ಧಸಕ್ಕೆಂದಿತು. ಸುಳ್ಳು ಹೇಳುವಂತಿಲ್ಲ. “ಒಂದು ಚೂರೂ ಉಳೀಲಿಲ್ರಿ ಅಕ್ಕೋರ” ಅಂದೆ. ಅದು ಖರೇನೇ ಇತ್ತು.

ಮುಂದಿನ ವರ್ಷ ಡಬ್ಬಿ ಎರಡು ಪಟ್ಟು ದೊಡ್ಡದಾಗಿತ್ತು.

೨. ಬರಿ ಡಬ್ಬಿ ಕೊಡಬಾರದು

ಮಂದಿ ಮನೆಯ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದು, ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯನ್ನಾದರೂ ಹಾಕಬೇಕು. ಇದು ನಮ್ಮ ಕಡೆಯ ಪದ್ಧತಿ. ಮೊದಲ ವರ್ಷದ ಆ ಡಬ್ಬಿಗಾಗಿ ಮನೆಯಾಕೆ ಶೇಂಗಾ ಹೋಳಿಗೆ ಮಾಡಿದಳು. ಅವು ಅಗಲ, ಅಕ್ಕೋರ ಡಬ್ಬಿ ಉದ್ದ. ಹಾಗಾಗಿ ಅವರ ಡಬ್ಬಿಯಲ್ಲಿ ಸಕ್ಕರೆ, ನಮ್ಮ ಡಬ್ಬಿಯಲ್ಲಿ ಹೋಳಿಗೆ, ಎರಡೂ ಆಚೆಗೆ ಹೋದವು.

ಅಕ್ಕೋರು ನಲವತ್ತು ವರ್ಷ ಧಾರವಾಡದಲ್ಲಿ ಬಾಳಿದವರು. ಅವರಿಗೂ ಅದೇ ಪದ್ಧತಿ. ನಮ್ಮ ಡಬ್ಬಿ ತುಂಬ ಕರ್ಚಿಕಾಯಿ ಬಂತು, ಅದರಲ್ಲಿ ಹಿಡಿಯದೆ ಉಳಿದದ್ದು ಅವರದೇ ಇನ್ನೊಂದು ಡಬ್ಬಿಯಲ್ಲಿ ಬಂತು. ನಾವು ಅದನ್ನು ತುಂಬಿದೆವು, ಹೆಚ್ಚಾದದ್ದನ್ನು ನಮ್ಮ ಬೇರೊಂದರಲ್ಲಿ ಹಾಕಿದೆವು. ಹೀಗೆ ಸಂಕ್ರಾಂತಿಯವರೆಗೆ ಗೋಡೆಯ ಮೇಲೆ ಡಬ್ಬಿಗಳು ಓಡಾಡಿದವು. ಪ್ರತಿ ಡಬ್ಬಿಯ ಹಿಂದೆ ‘ಕೇಕ್...’ ಎಂದು ಮತ್ತೆ ಮಾತು ತೆಗೆದಾರೋ ಎಂಬ ಅಳುಕು ನನಗೆ.

ಒಂದು ಸಂಜೆ ನೆಂಟರು ಬಂದರು. ಒಳಗೆ ಪಾತ್ರೆಗಳ ಸಪ್ಪಳವಷ್ಟೇ ಕೇಳುತ್ತಿತ್ತು, ಚಹಾ ಬರಲೊಲ್ಲದು. ನಾನು ಎದ್ದು ಹೋಗಿ ನೋಡಿದರೆ ಮನೆಯಾಕೆ ಕಪಾಟಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

“ಏನ ಹುಡುಕಾಕತ್ತಿ?”

“ಸಕ್ಕರಿ ಡಬ್ಬಿರಿ. ನಿನ್ನೆ ಅದರಾಗ ಚಕ್ಕುಲಿ ಹಾಕಿ ಅಕ್ಕೋರಿಗೆ ಕೊಟ್ಟೇನಿ.”

“ಸಕ್ಕರಿ?”

“ಅದನ್ನ ಅವರ ಡಬ್ಬ್ಯಾಗ ಹಾಕಿ ಮೊನ್ನೇನ ಕಳಿಸೇನಲ್ಲರಿ!”

೩. ಗುಟ್ಟಿನ ಉಡುಗೊರೆ

ಎರಡನೆಯ ವರ್ಷ ನಮ್ಮ ಆಫೀಸಿಗೂ ಕ್ರಿಸ್‌ಮಸ್ ಬಂತು. ಹೊಸದಾಗಿ ಬಂದ ಲೆಕ್ಚರರ್ ಒಬ್ಬರು ಎಲ್ಲರ ಕೈಯಲ್ಲಿ ಚೀಟಿ ಎತ್ತಿಸಿದರು. ಯಾರ ಹೆಸರು ಬಂತೋ ಅವರಿಗೆ ಉಡುಗೊರೆ ಕೊಡಬೇಕು, ಆದರೆ ಕೊಟ್ಟವರು ಯಾರೆಂದು ತಿಳಿಯಬಾರದು. ನನಗೆ ಬಂದದ್ದು ಪ್ರಿನ್ಸಿಪಾಲರ ಹೆಸರು! ಊಟ ಸೇರದಾಯಿತು.

ಅಕ್ಕೋರನ್ನೇ ಕೇಳಿದೆ. “ಸಣ್ಣದೇನರ ಕೊಡ್ರಿ. ಯಾರ ಕೊಟ್ರು ಅಂತ ಮಾತ್ರ ಗೊತ್ತಾಗಬಾರದು. ಅದ ಅದರ ಮಜಾ” ಅಂದರು. ನನಗೂ ಮನಸ್ಸಿಗೆ ಬಂತು. ಹೆಸರಿಲ್ಲದೆ ಕೊಡುವುದೇ ದೊಡ್ಡ ದಾನವೆಂದು ನಮ್ಮ ಮಠದಲ್ಲಿಯೂ ಹೇಳುತ್ತಾರೆ.

ಪಾತ್ರೆ ಅಂಗಡಿಗೆ ಹೋಗಿ ಒಂದು ಚಲೋ ಸ್ಟೀಲ್ ತಂಬಿಗೆ ಆರಿಸಿದೆ. ಅಂಗಡಿಯವ ಅಕ್ಷರ ಕೊರೆಯುವ ಮಿಷನ್ ಕೈಗೆತ್ತಿಕೊಂಡು ಕೇಳಿದ. “ಏನ ಹಾಕೂನ್ರಿ?” ಮೂವತ್ತು ವರ್ಷದಿಂದ ಲಗ್ನ, ಗೃಹಶಾಂತಿ ಎಂದು ಎಷ್ಟು ಪಾತ್ರೆ ಕೊಟ್ಟಿದ್ದೇನೋ! ಬಾಯಿ ತಾನೇ ಉತ್ತರ ಕೊಟ್ಟಿತು. ಹುಷಾರಿನ ಮನುಷ್ಯ ನಾನು. ಮನೆಗೆ ಬಂದು, ಅಕ್ಷರ ಗುರುತು ಸಿಕ್ಕೀತೆಂದು ಮೇಲಿನ ಕಾಗದದ ಮೇಲೆ ಪ್ರಿನ್ಸಿಪಾಲರ ಹೆಸರನ್ನು ಎಡಗೈಯಲ್ಲಿ ಬರೆದೆ.

ಹಬ್ಬದ ಮರುದಿನ ಎಲ್ಲರ ಮುಂದೆ ಪ್ರಿನ್ಸಿಪಾಲರು ಕಾಗದ ಬಿಚ್ಚಿದರು. ತಂಬಿಗೆಯನ್ನು ತಿರುಗಿಸಿದರು, ಕನ್ನಡಕ ಏರಿಸಿದರು, ಗಟ್ಟಿಯಾಗಿ ಓದಿದರು. ನನ್ನ ಹೆಸರು, ತಂದೆಯ ಹೆಸರು, ‘ಸಾ॥ ಅಮ್ಮಿನಬಾವಿ, ಹಾಲಿ ವಸ್ತಿ ಮಾಳಮಡ್ಡಿ’. ಆಮೇಲೆ ನನ್ನ ಕಡೆ ನೋಡಿ, “ಗುಟ್ಟು ಭಾಳ ಚಲೋ ಇಟ್ಟೀರಿ. ಪಿನ್‌ಕೋಡ್ ಒಂದ ಬಿಟ್ಟೀರಲ್ಲ!” ಅಂದರು.

ಸಂಜೆ ಅಕ್ಕೋರು ಇದನ್ನು ಕೇಳಿ ನಕ್ಕು ಕಣ್ಣೊರೆಸಿಕೊಂಡರು. “ನಿಮಗ ಏನೂ ಮುಚ್ಚಿಡಾಕ ಬರಂಗಿಲ್ಲ ಬಿಡ್ರಿ.”

ನಾನು ನಗಲು ಹೋದೆ. ಆ ಹೊತ್ತಿಗೆ ಮೇಲಿನ ಖೋಲಿಯಲ್ಲಿ ಅವರ ಎರಡನೆಯ ವರ್ಷದ ಕೇಕು ಮುಗಿಯುತ್ತ ಬಂದಿತ್ತು.

೪. ಎಂಟು ಜಿಂಕೆ

ಮೂರನೆಯ ವರ್ಷ ಒಂದು ಉಪಾಯ ಹೊಳೆಯಿತು. ಅಕ್ಕೋರು ಕೇಕಿನ ಮಾತು ತೆಗೆಯುವ ಮೊದಲೇ ನಾನೇ ಹಬ್ಬದ ಬಗ್ಗೆ ಏನಾದರೂ ಕೇಳಿಬಿಡುವುದು. ಶಿಕ್ಷಕರಿಗೆ ಪ್ರಶ್ನೆ ಸಿಕ್ಕರೆ ಲೋಕದ ಪರಿವೆ ಇರುವುದಿಲ್ಲ.

“ಕೇಕ್...” ಎಂದರು ಅವರು.

“ಅಕ್ಕೋರ, ಆ ಕೆಂಪಂಗಿ ಸಾಂತಾ ಅಜ್ಜನ ಬಂಡಿಗೆ ಎಷ್ಟು ಜಿಂಕಿರಿ?”

“ಎಂಟು.”

“ಎಂಟಽ! ನಮ್ಮೂರಾಗ ಒಂದು ಜೋಡಿ ಎತ್ತಿಗೆ ಮೇವು ಹೊಂದಸೂದ್ರಾಗ ಸಾಕಾಗತೈತಿ. ವರ್ಷಕ್ಕ ಒಂದ ದಿನದ ಬಾಡಿಗಿ, ಅಂವ ಹೆಂಗ ಸಾಕ್ತಾನ್ರಿ?”

ಅಕ್ಕೋರು ಗೋಡೆಗೆ ಒರಗಿ ಮುಕ್ಕಾಲು ತಾಸು ಹೇಳಿದರು. ಹಿಮದ ನಾಡು, ಹೊಗೆ ಹೋಗುವ ಚಿಮಣಿ, ಕಾಲುಚೀಲದಲ್ಲಿ ಉಡುಗೊರೆ. ಕೇಕು ಮರೆತೇ ಹೋಯಿತು. ಗೆದ್ದೆ ಎಂದುಕೊಂಡೆ.

ಮರುದಿನ ನಾನು ಹೂವು ಹರಿಯುತ್ತಿದ್ದಾಗ ಗೋಡೆಯಾಚೆಯಿಂದ ದನಿ. “ನಿನ್ನೆ ಹೇಳಿದ್ದು ನೆನಪೈತೇನ್ರಿ? ಜಿಂಕಿ ಎಷ್ಟು? ಉಡುಗೊರಿ ಎದರಾಗ ಇಡ್ತಾರ?”

“ಜಿಂಕಿ ಎಂಟು. ಉಡುಗೊರಿ... ಡಬ್ಬ್ಯಾಗ್ರಿ.”

“ತಪ್ಪು. ನಾಳೆ ಮತ್ತ ಕೇಳ್ತೇನಿ.”

ಆ ವಾರವೆಲ್ಲ ನಾನು ದೇವರಿಗೆ ಹೂವು ಹರಿದದ್ದು ಹಿತ್ತಲ ಕಡೆಯಿಂದ.

೫. ಕೇಕಿನ ಮುಂದೆ

ಹೋದ ಕ್ರಿಸ್‌ಮಸ್ಸಿಗೆ ಅಕ್ಕೋರು ಗೋಡೆಯ ಹತ್ತಿರ ಬರಲಿಲ್ಲ. ಹಿಂದಿನ ದಿನ ನೆಟ್ಟಗೆ ಮುಂಬಾಗಿಲಿಗೇ ಬಂದರು.

“ಈ ವರ್ಷ ಡಬ್ಬಿ ಕಳಸಂಗಿಲ್ರಿ. ನಾಳೆ ಹತ್ತಕ್ಕ ಇಬ್ರೂ ನಮ್ಮ ಮನೀಗೆ ಬರ್ರಿ. ಕೇಕ್ ನನ್ನ ಕಣ್ಣಮುಂದ ತಿನ್ಬೇಕು.”

ಅವರು ಗೇಟು ದಾಟಿದ್ದೇ ತಡ, ಮನೆಯಾಕೆ, “ಹೊಟ್ಟಿ ನೋಯತೈತಿ ಅಂತ ಹೇಳಿ ಕಳಸೂನ್ರಿ” ಅಂದಳು.

“ನೋಯದನ ಹೆಂಗ ಹೇಳ್ಲಿ?”

ಮರುದಿನ ಪೂಜೆಯಲ್ಲಿ ಹೊಟ್ಟೆ ನೋಯಿಸೆಂದು ಶಿವನನ್ನು ಬೇಡಿದೆ. ಹತ್ತು ವರ್ಷದಲ್ಲಿ ಆ ದಿನವಿದ್ದಷ್ಟು ಆರೋಗ್ಯ ನನ್ನ ಹೊಟ್ಟೆಗೆ ಎಂದೂ ಇರಲಿಲ್ಲ.

ಹೋದೆವು. ಪಡಸಾಲೆಯ ತುಂಬ ಅವರ ಬಳಗ. ಅಕ್ಕೋರು ನನ್ನನ್ನು ನಡುವಿನ ಖುರ್ಚಿಯಲ್ಲಿ ಕೂಡಿಸಿ, ಮುಂದೆ ತಾಟು ಇಟ್ಟರು. ಕರ್ರಗೆ, ಇಟ್ಟಂಗಿಯಷ್ಟಿದ್ದ ಕೇಕು. ಅವರು ಎರಡೂ ಕೈಯಿಂದ ಚಾಕು ಒತ್ತಿ ಕೊಯ್ದರು. ತುಂಡು ತುಟಿಯ ತನಕ ಬಂತು. ಗುರುಗಳ ಮುಖ ಕಣ್ಣಮುಂದೆ ಬಂತು. ನಾಲ್ಕು ವರ್ಷ ಕೇಳದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ.

“ಅಕ್ಕೋರ... ಇದರಾಗ ತತ್ತಿ ಐತೇನ್ರಿ?”

ಮನೆಯಾಕೆ ಸೆರಗು ಬಾಯಿಗೆ ಹಿಡಿದಳು. ಮುಗಿಯಿತು, ಮನಸ್ಸು ನೋಯಿಸಿದೆ ಅಂದುಕೊಂಡೆ.

“ನಿಮ್ಮ ಹಣಿಮ್ಯಾಲಿನ ವಿಭೂತಿ ನನಗ ಕಾಣಂಗಿಲ್ಲೇನ್ರಿ?” ಅಂದರು ಅಕ್ಕೋರು. “ಮೊದಲ್ನೇ ವರ್ಷದಿಂದ ನಿಮ್ಮದು ಬ್ಯಾರೇನ ಮಾಡ್ತೇನಿ. ಬರೇ ಮೊಸರು, ಬಾಳಿಹಣ್ಣು. ತತ್ತಿ ಸೋಂಕಬಾರದಂತ ಭಾಂಡಿ ಸೈತ ಬ್ಯಾರೆ ಇಟ್ಟೇನಿ.”

ಅವರ ಮಗ ಮೆಲ್ಲಗೆ ನನ್ನ ಕಡೆ ಬಾಗಿದ. “ಅದನ್ನ ನಮ್ಮ ಮನ್ಯಾಗ ಯಾರೂ ಮುಟ್ಟಂಗಿಲ್ರಿ ಕಾಕಾ. ಹಲ್ಲಿನ ಅಂಜಿಕಿ.”

ನಾಲ್ಕು ವರ್ಷ ನನ್ನೊಬ್ಬನ ಸಲುವಾಗಿ ಬೇರೆ ಭಾಂಡಿ! ಕಣ್ಣು ಮುಚ್ಚಿ ಕಚ್ಚಿದೆ. ಮೊದಲ ಸಲ ಹಲ್ಲು ಇಳಿಯಲಿಲ್ಲ. ಎರಡನೆಯ ಸಲ ದವಡೆಯಲ್ಲಿ ಕಟಕ್ಕೆಂದು ಸಪ್ಪಳವಾಯಿತು, ಕೇಕಿನದೋ ಹಲ್ಲಿನದೋ ಇನ್ನೂ ಗೊತ್ತಿಲ್ಲ.

“ಹೆಂಗಾಗೇತ್ರಿ?” ಅಂದರು ಅಕ್ಕೋರು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸುಳ್ಳು ಹೇಳುವಂತಿಲ್ಲ, ಖರೇ ಹೇಳುವಂತೆಯೂ ಇಲ್ಲ. ಸಾವಕಾಶ ಅಗಿದೆ, ನುಂಗಿದೆ, ನೀರು ಕುಡಿದೆ. ಆಮೇಲೆ, “ಅಕ್ಕೋರ, ಇಂಥಾ ಕೇಕ್ ನಾ ಜನ್ಮದಾಗ ತಿಂದಿಲ್ರಿ” ಅಂದೆ.

“ಅದು ಮಾತ್ರ ಖರೇ ಐತಿ” ಎಂದು ಅಕ್ಕೋರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ನನ್ನ ತಾಟಿಗೆ ಇನ್ನೊಂದು ತುಂಡು ಹಾಕಿದರು.

“ಡಬ್ಬ್ಯಾಗ ಹಾಕಿ ಕೊಡ್ತಿದ್ದೆರಿ. ಆದ್ರ ಮೊನ್ನೆ ನಿಮ್ಮ ಮ್ಯಾಲಿನ ಹುಡುಗ್ಯಾರು ಮೂರೂ ಮಂದಿ ಬಂದು ಕೈಮುಗದ್ರು. ‘ಈ ವರ್ಷ ಕಾಕಾರಿಗೇ ತಿನ್ನಸ್ರಿ ಅಕ್ಕೋರ, ಮುಂದಿನ ವಾರ ನಮ್ಮದು ಪೊಲೀಸ್ ಓಟದ ಪರೀಕ್ಷೆ ಐತಿ, ಹೊಟ್ಟಿ ಹಗುರ ಇರಬೇಕು’ ಅಂದ್ರು.”